ಕೊಂಡ ಯಂತ್ರಕ್ಕೆ ಮತ್ತೆ ಚಂದಾ

ಹಿಂದೆ ನಮ್ಮ ಹಳ್ಳಿಗಳಲ್ಲಿ ಸುಗ್ಗಿಯ ಕಾಲಕ್ಕೆ ಕಣದಲ್ಲಿ ರಾಶಿ ಬಿದ್ದ ಕೂಡಲೇ ಬಡಗಿ, ಕಮ್ಮಾರ ಮೊದಲಾದ ಆಯಗಾರರು ತಮ್ಮ ಪಾಲಿನ ಕಾಳಿಗೆ ಬಂದು ನಿಲ್ಲುತ್ತಿದ್ದರು. ವರ್ಷವಿಡೀ ನೇಗಿಲ ಗುಳವನ್ನು ಕಾಸಿ ತಟ್ಟಿಕೊಟ್ಟಿದ್ದಕ್ಕೆ, ನೊಗ, ಮೇಳಿ, ಕೂರಿಗೆಗಳನ್ನು ಸರಿಪಡಿಸಿಕೊಟ್ಟಿದ್ದಕ್ಕೆ ರೈತನು ಕೊಡುತ್ತಿದ್ದ ಈ ಕಾಳಿಗೆ ಆಯ ಎಂದು ಹೆಸರು. ಆದ್ದರಿಂದ ಬೇಸಾಯದ ಸಲಕರಣೆಗಾಗಿ ವರ್ಷಕ್ಕೊಮ್ಮೆ ಏನಾದರೂ ಕೊಡುವುದು ನಮ್ಮ ರೈತರಿಗೆ ಹೊಸ ಸಂಗತಿಯಲ್ಲ. ಆದರೆ ಒಂದು ಅಂಶವನ್ನು ಗಮನಿಸಬೇಕು. ಯಾವುದೋ ಬರಗಾಲದ ವರ್ಷ ರೈತನು ಆಯ ಕೊಡಲಾಗದೆ ಹೋದರೆ ಕಮ್ಮಾರನು ಮುನಿಸಿಕೊಂಡು ಗುಳ ತಟ್ಟದೆ ಇರಬಹುದಾಗಿತ್ತು. ನೇಗಿಲು ಮಾತ್ರ ತಾನಾಗಿ ‘ಉಳುವುದಿಲ್ಲ’ ಎಂದು ನಿಲ್ಲುತ್ತಿರಲಿಲ್ಲ. ರೈತನು ಅದನ್ನು ಪಕ್ಕದ ಊರಿನ ಕಮ್ಮಾರನ ಬಳಿಗೂ ಒಯ್ಯಬಹುದಾಗಿತ್ತು.

ಈಗ ಕಾರು, ಟ್ರಾಕ್ಟರು, ಕಟಾವು ಯಂತ್ರಗಳ ವಿಷಯದಲ್ಲಿ ಹುಟ್ಟಿಕೊಂಡಿರುವ ಚಂದಾ ಪದ್ಧತಿಯಲ್ಲಿ ಈ ಎರಡೂ ಮಾತುಗಳು ಬದಲಾಗಿವೆ. ಪೂರ್ಣ ಬೆಲೆ ತೆತ್ತು ಮನೆಗೆ ತಂದ ಯಂತ್ರದ ಕೆಲವು ಭಾಗಗಳು ತಿಂಗಳಿಗೋ ವರ್ಷಕ್ಕೋ ಶುಲ್ಕ ಕಟ್ಟಿದರೆ ಮಾತ್ರ ಕೆಲಸ ಮಾಡುತ್ತವೆ. ಕೆಟ್ಟಾಗ ಯಾರು ಬೇಕಾದರೂ ಬಿಚ್ಚಿ ಸರಿಮಾಡುವಂತಿಲ್ಲ. ಈ ಪದ್ಧತಿಯು ಹೇಗೆ ನಡೆಯುತ್ತದೆ, ಯಾವ ಶುಲ್ಕ ನ್ಯಾಯವಾದದ್ದು, ಯಾವುದು ಅಲ್ಲ, ಯಂತ್ರ ಕೊಳ್ಳುವ ರೈತನು ಮೊದಲೇ ಏನೇನು ವಿಚಾರಿಸಬೇಕು ಎಂಬುದನ್ನು ತಿಳಿಯುವುದು ಅವಶ್ಯಕ.

ಕಾರುಗಳಲ್ಲಿ ಆರಂಭ

ಚಳಿ ದೇಶಗಳ ಕಾರುಗಳಲ್ಲಿ ಕುಳಿತುಕೊಳ್ಳುವ ಆಸನದೊಳಗೆ ತಂತಿಯ ಸುರುಳಿಗಳನ್ನಿಟ್ಟು ಬಿಸಿಮಾಡುವ ಏರ್ಪಾಡು ಇರುತ್ತದೆ. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯು ಬ್ರಿಟನ್, ದಕ್ಷಿಣ ಕೊರಿಯ ಮೊದಲಾದ ದೇಶಗಳಲ್ಲಿ ಈ ಬಿಸಿ ಆಸನಕ್ಕೆ ಮಾಸಿಕ ಚಂದಾ ನಿಗದಿಪಡಿಸಿರುವ ಸುದ್ದಿ 2022ರ ಜುಲೈನಲ್ಲಿ ಹರಡಿತು. ಕಾರನ್ನು ಕೊಳ್ಳುವಾಗಲೇ ಈ ಸೌಲಭ್ಯಕ್ಕೆ ಹಣ ಕೊಟ್ಟವರಿಗೆ ಚಂದಾ ಇರಲಿಲ್ಲ ಎಂಬುದು ನಿಜ. ಆದರೆ ಹಣ ಕೊಡದವರ ಕಾರಿನಲ್ಲೂ ತಂತಿಯ ಸುರುಳಿ ಇದ್ದೇ ಇತ್ತು. ಅದಕ್ಕೆ ವಿದ್ಯುತ್ ಹರಿಯದಂತೆ ಸಾಫ್ಟ್‌ವೇರ್ ತಡೆದಿತ್ತು, ಅಷ್ಟೆ. ಬ್ರಿಟನ್ನಿನಲ್ಲಿ ತಿಂಗಳಿಗೆ 15 ಪೌಂಡು, ಒಮ್ಮೆಲೇ ಕೊಡುವುದಾದರೆ 350 ಪೌಂಡು ಎಂದು ದರವಿತ್ತು. ಜನರ ಅಸಮಾಧಾನ ಎಷ್ಟರಮಟ್ಟಿಗೆ ಬೆಳೆಯಿತೆಂದರೆ 2023ರ ಸೆಪ್ಟೆಂಬರ್ ವೇಳೆಗೆ ಕಂಪನಿಯು ಬಿಸಿ ಆಸನದ ಚಂದಾವನ್ನು ಕೈಬಿಟ್ಟಿತು.

ಇದು ಒಂದೇ ಕಂಪನಿಯ ಮಾತಲ್ಲ. ಮರ್ಸಿಡಿಸ್-ಬೆಂಜ್ ಕಂಪನಿಯು 2022ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ತನ್ನ ಕೆಲವು ವಿದ್ಯುತ್ ಕಾರುಗಳು ಇನ್ನಷ್ಟು ಬೇಗ ವೇಗ ಪಡೆಯುವಂತೆ ಮಾಡಲು ವರ್ಷಕ್ಕೆ 1,200 ಡಾಲರ್ ಶುಲ್ಕ ಗೊತ್ತುಪಡಿಸಿತು. ಮೋಟಾರು ಅದೇ, ಬ್ಯಾಟರಿ ಅದೇ. ಟೆಸ್ಲಾ ಕಂಪನಿಯು 2016ರಲ್ಲಿ ಮಾರಿದ ಒಂದು ಮಾದರಿಯಲ್ಲಿ 75 ಕಿಲೋವ್ಯಾಟ್-ಗಂಟೆಯ ಬ್ಯಾಟರಿಯನ್ನೇ ಇಟ್ಟು, ಅದರಲ್ಲಿ 60ರಷ್ಟು ಮಾತ್ರ ಬಳಕೆಗೆ ಸಿಗುವಂತೆ ಸಾಫ್ಟ್‌ವೇರಿನಿಂದ ಮಿತಿಗೊಳಿಸಿತ್ತು. ಮಾಲೀಕನು ಬಳಸಲಾಗದ ಬ್ಯಾಟರಿಯ ಭಾರವನ್ನು ದಿನವೂ ಹೊತ್ತು ತಿರುಗುತ್ತಿದ್ದ. 2017ರ ಸೆಪ್ಟೆಂಬರ್‌ನಲ್ಲಿ ಫ್ಲಾರಿಡಾಕ್ಕೆ ಇರ್ಮಾ ಚಂಡಮಾರುತ ಅಪ್ಪಳಿಸಿ ಜನ ಊರು ಬಿಟ್ಟು ಹೊರಟಾಗ, ಕಂಪನಿಯು ದೂರದಿಂದಲೇ ಆ ಮಿತಿಯನ್ನು ತಾತ್ಕಾಲಿಕವಾಗಿ ತೆಗೆದುಹಾಕಿತು. ಆ ಹೊತ್ತಿಗೆ ಅದು ಉಪಕಾರವೇ. ಆದರೂ ಬೀಗದ ಕೈ ಯಾರ ಬಳಿ ಇದೆ ಎಂಬುದು ಅಂದು ಎಲ್ಲರಿಗೂ ಸ್ಪಷ್ಟವಾಯಿತು.

ನಮ್ಮಲ್ಲಿಯೂ ಇದರ ಸೌಮ್ಯ ರೂಪ ಕಾಣಿಸಿಕೊಂಡಿದೆ. ಬೆಂಗಳೂರಿನ ಏಥರ್ ಕಂಪನಿಯು ತನ್ನ ವಿದ್ಯುತ್ ಸ್ಕೂಟರಿನ ಹಲವು ಸೌಲಭ್ಯಗಳನ್ನು ‘ಪ್ರೊ ಪ್ಯಾಕ್’ ಎಂಬ ಹೆಸರಿನಲ್ಲಿ ಪ್ರತ್ಯೇಕ ಬೆಲೆಗೆ ಮಾರಿದೆ.

ಬೀಗ ಇರುವುದು ಎಲ್ಲಿ?

ಹಳೆಯ ಟ್ರಾಕ್ಟರಿನಲ್ಲಿ ದೀಪದ ಗುಂಡಿ ಒತ್ತಿದರೆ ಬ್ಯಾಟರಿಯಿಂದ ವಿದ್ಯುತ್ತು ನೇರವಾಗಿ ದೀಪಕ್ಕೆ ಹೋಗುತ್ತದೆ. ಹೊಸ ಯಂತ್ರಗಳಲ್ಲಿ ಹಾಗಲ್ಲ. ಗುಂಡಿ ಒತ್ತಿದಾಗ ಒಂದು ಸಂದೇಶ ಮಾತ್ರ ನಿಯಂತ್ರಣ ಪೆಟ್ಟಿಗೆಗೆ ಹೋಗುತ್ತದೆ. ಈ ಪೆಟ್ಟಿಗೆ ಒಂದು ಚಿಕ್ಕ ಕಂಪ್ಯೂಟರ್. ಅದು ತನ್ನಲ್ಲಿರುವ ಅನುಮತಿಯ ಪಟ್ಟಿಯನ್ನು ನೋಡಿ, ‘ಈ ಯಂತ್ರದ ನಂಬರಿಗೆ ಈ ಕೆಲಸಕ್ಕೆ ಅನುಮತಿ ಉಂಟು’ ಎಂದಿದ್ದರೆ ಮಾತ್ರ ವಿದ್ಯುತ್ತನ್ನು ಮುಂದಕ್ಕೆ ಬಿಡುತ್ತದೆ. ಇಂಥ ಪೆಟ್ಟಿಗೆಗಳು ಒಂದು ದೊಡ್ಡ ಟ್ರಾಕ್ಟರಿನಲ್ಲಿ ಹಲವಾರು ಇದ್ದು, ಎಲ್ಲವೂ ಒಂದೇ ಜೊತೆ ತಂತಿಗಳ ಮೂಲಕ ಪರಸ್ಪರ ಮಾತಾಡುತ್ತಿರುತ್ತವೆ. ಯಂತ್ರದಲ್ಲಿ ಸಿಮ್ ಇದ್ದರೆ ಈ ಪಟ್ಟಿಯನ್ನು ಕಂಪನಿಯು ಸಾವಿರಾರು ಮೈಲಿ ದೂರದಿಂದಲೇ ತಿದ್ದಬಹುದು.

ಕಾರ್ಖಾನೆಗೆ ಇದರಿಂದ ಲಾಭವಿದೆ. ಹತ್ತು ಬಗೆಯ ಯಂತ್ರಗಳನ್ನು ಬೇರೆ ಬೇರೆಯಾಗಿ ಜೋಡಿಸುವುದಕ್ಕಿಂತ ಎಲ್ಲಕ್ಕೂ ಒಂದೇ ಬಗೆಯ ಭಾಗಗಳನ್ನು ಹಾಕಿ, ಸಾಫ್ಟ್‌ವೇರಿನಿಂದ ಬೇರ್ಪಡಿಸುವುದು ಅಗ್ಗ. ಒಂದೇ ಎಂಜಿನ್ನನ್ನು ಸಾಫ್ಟ್‌ವೇರಿನ ವ್ಯತ್ಯಾಸದಿಂದ ಬೇರೆ ಬೇರೆ ಅಶ್ವಶಕ್ತಿಯ ಮಾದರಿಗಳಾಗಿ ಮಾರುವುದೂ ಉಂಟು. ಬೆಲೆಯಲ್ಲಿ ಆ ಉಳಿತಾಯದ ಪಾಲು ಕೊಳ್ಳುವವನಿಗೆ ಬಂದರೆ ಯಾರೂ ಆಕ್ಷೇಪಿಸಲಾರರು. ಬರುವುದೇ ಇಲ್ಲವೆಂಬುದೇ ಜನರ ದೂರು.

ಶುಲ್ಕಗಳಲ್ಲಿ ಭೇದ

ಎಲ್ಲ ಚಂದಾಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಇದಕ್ಕೆ ರೈತರು ದಿನವೂ ಬಳಸುವ ಒಂದು ಉದಾಹರಣೆ ಸಾಕು. ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡವರು ಅದರ ಸಿಮ್ಮಿಗೆ ಕಾಲಕಾಲಕ್ಕೆ ರೀಚಾರ್ಜ್ ಮಾಡಿಸುತ್ತಾರೆ. ಸಂದೇಶ ಸಾಗಿಸುವ ಕಂಪನಿಗೆ ಗೋಪುರ, ವಿದ್ಯುತ್ತು, ನೌಕರರ ಖರ್ಚು ಪ್ರತಿ ತಿಂಗಳೂ ಇರುವುದರಿಂದ ಆ ಹಣ ನ್ಯಾಯವಾದದ್ದು. ಕರೆನ್ಸಿ ಮುಗಿದರೆ ಮನೆಯಲ್ಲಿ ಕುಳಿತು ಪಂಪು ಚಾಲೂ ಮಾಡಲಾಗುವುದಿಲ್ಲ. ಆದರೆ ತೋಟಕ್ಕೆ ಹೋಗಿ ಪೆಟ್ಟಿಗೆಯ ಹಸಿರು ಗುಂಡಿ ಒತ್ತಿದರೆ ನೀರು ಬರುತ್ತದೆ. ಸೇವೆ ನಿಂತಿತು, ಯಂತ್ರ ನಿಲ್ಲಲಿಲ್ಲ.

ಯಾವುದೇ ಯಂತ್ರದ ಚಂದಾವನ್ನು ಅಳೆಯಲು ಇದೇ ಅಳತೆಗೋಲು: ಹಣ ಕಟ್ಟುವುದು ನಿಂತ ದಿನ ಯಂತ್ರದಲ್ಲಿ ಏನೇನು ನಿಲ್ಲುತ್ತದೆ? ಹೊರಗಿನಿಂದ ಬರುತ್ತಿದ್ದ ಸಂಕೇತ, ಹವಾಮಾನ ಮಾಹಿತಿ, ನಕ್ಷೆ ಇವು ಮಾತ್ರ ನಿಲ್ಲುವುದಾದರೆ ಅದು ಸೇವೆಯ ಶುಲ್ಕ. ಯಂತ್ರದೊಳಗೇ ಇರುವ, ಹೊರಗಿನ ಯಾವ ನೆರವೂ ಬೇಡದ ಭಾಗ ನಿಲ್ಲುವುದಾದರೆ ಅದು ಬೀಗದ ಶುಲ್ಕ. ಮಾರಾಟದ ಹೆಸರಿನಲ್ಲಿ ನಡೆದ ಬಾಡಿಗೆ ಎನ್ನಬೇಕು. ಬಾಡಿಗೆ ತಪ್ಪಲ್ಲ. ಆದರೆ ಬಾಡಿಗೆಯ ವಸ್ತು ಕೆಟ್ಟರೆ ರಿಪೇರಿ ಮಾಲೀಕನದು, ಸವಕಳಿಯೂ ಅವನದು. ಇಲ್ಲಿ ರಿಪೇರಿ, ವಿಮೆ, ಸವಕಳಿ, ಸಾಲದ ಬಡ್ಡಿ ಎಲ್ಲವೂ ಕೊಂಡವನ ತಲೆಯ ಮೇಲೆ.

ಅಡೋಬ್ ಕಂಪನಿಯು 2013ರಲ್ಲಿ ತನ್ನ ಚಿತ್ರ ತಯಾರಿಕೆಯ ಸಾಫ್ಟ್‌ವೇರಿನ ಹೊಸ ಆವೃತ್ತಿಗಳನ್ನು ಚಂದಾದಾರರಿಗೆ ಮಾತ್ರ ಕೊಡುವುದಾಗಿ ತೀರ್ಮಾನಿಸಿತು. ಪಟ್ಟಣದ ಫೋಟೋ ಸ್ಟುಡಿಯೋದವರನ್ನು ಕೇಳಿದರೆ ಇದರ ಬಿಸಿ ತಿಳಿಯುತ್ತದೆ. ಸಾಫ್ಟ್‌ವೇರಿನಲ್ಲಿ ಬೇರೂರಿದ ಈ ಪದ್ಧತಿಯೇ ಈಗ ಕಬ್ಬಿಣದ ಯಂತ್ರಗಳಿಗೂ ಹಬ್ಬಿರುವುದು.

ಚಂದಾ ಲಾಭವೋ, ಒಂದೇ ಸಲ ಕೊಳ್ಳುವುದು ಲಾಭವೋ ಎಂಬುದು ಬರಿಯ ಭಾಗಾಕಾರದ ಲೆಕ್ಕ. ಮೇಲೆ ಹೇಳಿದ ಬಿಸಿ ಆಸನಕ್ಕೆ 23 ತಿಂಗಳಲ್ಲಿ ಕೊಟ್ಟ ಚಂದಾ 345 ಪೌಂಡು; 24ನೆಯ ತಿಂಗಳಿಗೆ 360 ಪೌಂಡಾಗಿ ಒಮ್ಮೆಲೇ ಕೊಡುವ ಬೆಲೆಯನ್ನು ಮೀರುತ್ತದೆ. ಟೆಸ್ಲಾ ಕಾರಿನ ಸ್ವಯಂಚಾಲನಾ ಸಾಫ್ಟ್‌ವೇರಿಗೆ 2024ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ತಿಂಗಳಿಗೆ 99 ಡಾಲರ್, ಒಮ್ಮೆಲೇ ಕೊಳ್ಳಲು 8,000 ಡಾಲರ್ ದರವಿತ್ತು. ಇಲ್ಲಿ ಚಂದಾ ಮೊತ್ತವು ಕೊಳ್ಳುವ ಬೆಲೆಯನ್ನು ಮೀರಲು 81 ತಿಂಗಳು, ಅಂದರೆ 6 ವರ್ಷ 9 ತಿಂಗಳು ಬೇಕು. ಅಷ್ಟರೊಳಗೆ ಕಾರನ್ನು ಮಾರುವವನಿಗೆ ಚಂದಾವೇ ಅಗ್ಗ. ವರ್ಷದಲ್ಲಿ ಎರಡೇ ತಿಂಗಳು ಬಳಸುವ ಸೌಲಭ್ಯಕ್ಕೆ ಎರಡೇ ತಿಂಗಳ ಚಂದಾ ಕಟ್ಟಲು ಅವಕಾಶವಿದ್ದರೆ ಬೇಸಾಯಗಾರನಿಗೂ ಅನುಕೂಲವೇ. ಆದರೆ ಕೃಷಿ ಯಂತ್ರಗಳ ಚಂದಾ ಬಹುಮಟ್ಟಿಗೆ ವಾರ್ಷಿಕವಾಗಿಯೇ ಇರುತ್ತದೆಂಬುದನ್ನು ಮರೆಯಬಾರದು.

ಉಪಗ್ರಹ ಸಂಕೇತದ ಚಂದಾ

ಟ್ರಾಕ್ಟರುಗಳಲ್ಲಿ ಚಂದಾ ಪದ್ಧತಿ ಮೊದಲು ಬೇರೂರಿದ್ದು ಸಾಲು ಹಿಡಿದು ತಾನಾಗಿ ಸಾಗುವ ಚಾಲನಾ ವ್ಯವಸ್ಥೆಯ ಮೂಲಕ. ಇದನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು.

ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ ಸಮಯದ ಸಂಕೇತವನ್ನು ಬಿತ್ತರಿಸುತ್ತವೆ. ಇದನ್ನು ಪಡೆಯಲು ಯಾರೂ ಶುಲ್ಕ ಕೊಡಬೇಕಾಗಿಲ್ಲ. ಅಮೆರಿಕ ಸರ್ಕಾರವು ನಾಗರಿಕರ ಬಳಕೆಯ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ 2ರಂದು ನಿಲ್ಲಿಸಿತು. ಆದರೂ ಸಾಮಾನ್ಯ ಗ್ರಾಹಕ ಯಂತ್ರದಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಉಳಿಯುತ್ತದೆ. ಭೂಮಿಯ ಮೇಲ್ಪದರದ ವಿದ್ಯುದಾವಿಷ್ಟ ವಾಯುಮಂಡಲವನ್ನು ದಾಟಿ ಬರುವಾಗ ಸಂಕೇತ ತಡವಾಗುವುದು ಇದಕ್ಕೆ ಒಂದು ಮುಖ್ಯ ಕಾರಣ. ಭೂಕಾಂತದ ಸಮಭಾಜಕಕ್ಕೆ ಸಮೀಪದಲ್ಲಿರುವ ದಕ್ಷಿಣ ಭಾರತದಲ್ಲಿ ಈ ಪದರದ ಏರುಪೇರು ಅಧಿಕ.

ಊರಿಗೆ ದಾರಿ ತೋರಿಸಲು ಕೆಲವು ಮೀಟರುಗಳ ತಪ್ಪು ಲೆಕ್ಕಕ್ಕಿಲ್ಲ. 60 ಅಥವಾ 90 ಸೆಂಟಿಮೀಟರ್ ಅಂತರದ ಸಾಲುಗಳ ನಡುವೆ ಎಡೆಕುಂಟೆ ಹೊಡೆಯಬೇಕಾದಾಗ ಅರ್ಧ ಅಡಿ ತಪ್ಪಿದರೂ ಬೆಳೆಯೇ ಕಿತ್ತುಬರುತ್ತದೆ. ಆದ್ದರಿಂದ ಸ್ಥಾನ ಖಚಿತವಾಗಿ ಗೊತ್ತಿರುವ ಒಂದು ನೆಲಕೇಂದ್ರವನ್ನಿಟ್ಟು, ಆ ಕ್ಷಣದ ದೋಷ ಎಷ್ಟೆಂದು ಕಂಡುಹಿಡಿದು, ಆ ತಿದ್ದುಪಡಿಯನ್ನು ರೇಡಿಯೋ, ಮೊಬೈಲ್ ಅಥವಾ ಉಪಗ್ರಹದ ಮೂಲಕ ಟ್ರಾಕ್ಟರಿಗೆ ಕಳುಹಿಸುತ್ತಾರೆ. ಆಗ ತಪ್ಪು ಸುಮಾರು 2.5 ಸೆಂಟಿಮೀಟರಿಗೆ ಇಳಿಯುತ್ತದೆ. ಜಾನ್ ಡೀರ್, ಟ್ರಿಂಬಲ್ ಮೊದಲಾದ ಕಂಪನಿಗಳು ಇಂತಹ ಅತಿ ನಿಖರ ಸಂಕೇತಕ್ಕೆ ಚಂದಾ ಪಡೆಯುತ್ತವೆ. ಕೇಂದ್ರಗಳನ್ನು ಹಗಲಿರುಳು ನಡೆಸುವ ಖರ್ಚು ಇರುವುದರಿಂದ ಇದು ಸೇವೆಯ ಶುಲ್ಕದ ಸಾಲಿಗೆ ಸೇರುತ್ತದೆ. ಆದರೆ ಸ್ವತಃ ಚಾಲನೆ ಮಾಡುವ ಸಾಮರ್ಥ್ಯವನ್ನು ಯಂತ್ರದಲ್ಲಿ ತೆರೆಯಲು ಪ್ರತ್ಯೇಕ ಪರವಾನಗಿ ಕೇಳಿದರೆ ಅದು ಬೇರೆ ಬಾಬು. ಬಿಲ್ಲಿನಲ್ಲಿ ಇವೆರಡೂ ಒಟ್ಟಿಗೇ ಇರುವುದರಿಂದ ಬಿಡಿಸಿ ಕೇಳಬೇಕು.

ಇದರಿಂದ ಉಳಿತಾಯ ಎಷ್ಟು? 12 ಮೀಟರ್ ಅಗಲದ ಸಿಂಪರಣಾ ಯಂತ್ರವನ್ನು ಕಣ್ಣಂದಾಜಿನಲ್ಲಿ ನಡೆಸುವ ಚಾಲಕನು ನಡುವೆ ಜಾಗ ಬಿಟ್ಟುಹೋಗಬಾರದೆಂದು ಪ್ರತಿ ಸಲವೂ 60 ಸೆಂಟಿಮೀಟರ್ ಅತಿಕ್ರಮಿಸಿ ಹೊಡೆಯುತ್ತಾನೆಂದು ಇಟ್ಟುಕೊಳ್ಳೋಣ. ಅದು ಅಗಲದ ಶೇಕಡ 5ರಷ್ಟು. ಸಾವಿರ ಎಕರೆಯ ಅಮೆರಿಕದ ಹೊಲದಲ್ಲಿ 50 ಎಕರೆಗೆ ಎರಡು ಬಾರಿ ಔಷಧಿ ಬಿದ್ದಂತೆ; ಅಲ್ಲಿ ಚಂದಾ ಹಣ ಒಂದೇ ಹಂಗಾಮಿನಲ್ಲಿ ಮರಳಿ ಬರಬಹುದು. ಅದೇ ಲೆಕ್ಕವನ್ನು 4 ಎಕರೆಯ ಹಿಡುವಳಿಗೆ ಹಾಕಿದರೆ 8 ಗುಂಟೆ. ಎಂಟು ಗುಂಟೆಯ ಔಷಧಿ ಉಳಿಸಲು ವರ್ಷವಿಡೀ ಚಂದಾ ಕಟ್ಟುವುದು ಯಾವ ಲೆಕ್ಕದಲ್ಲೂ ಕೂಡಿಬರುವುದಿಲ್ಲ. ಊರೂರು ಸುತ್ತಿ ಕೆಲಸ ಮಾಡುವ ಬಾಡಿಗೆ ಯಂತ್ರದವರು ಮಾತ್ರ ಈ ವಿಚಾರ ಮಾಡಬಹುದು.

ಸೇವೆಯನ್ನೇ ಪೂರ್ತಿ ನೆಚ್ಚಿಕೊಂಡರೆ ಆಗುವ ತೊಂದರೆಗೆ ಒಂದು ನಿದರ್ಶನ 2024ರ ಮೇ 10 ಮತ್ತು 11ರಂದು ದೊರೆಯಿತು. ಸೂರ್ಯನಿಂದ ಎದ್ದ ಪ್ರಬಲ ಕಾಂತ ಬಿರುಗಾಳಿಯಿಂದ ತಿದ್ದುಪಡಿ ಸಂಕೇತಗಳು ಏರುಪೇರಾಗಿ, ಅಮೆರಿಕದ ಮಧ್ಯ ಭಾಗದಲ್ಲಿ ಮೆಕ್ಕೆಜೋಳ ಬಿತ್ತುತ್ತಿದ್ದ ಅನೇಕ ರೈತರು ಯಂತ್ರ ನಿಲ್ಲಿಸಿ ಕಾಯಬೇಕಾಯಿತು. ಕೈಯಿಂದ ಸ್ಟಿಯರಿಂಗ್ ಹಿಡಿದು ನೇರ ಸಾಲು ಎಳೆಯಬಲ್ಲ ಚಾಲಕನ ಬೆಲೆ ಅಂದು ತಿಳಿಯಿತೆನ್ನಬಹುದು.

ಎಕರೆ ಲೆಕ್ಕದ ಚಂದಾ ಎಂಬುದೂ ಬಂದಿದೆ. ಕ್ಯಾಮರಾದಿಂದ ಕಳೆಯನ್ನು ಗುರುತಿಸಿ ಅದರ ಮೇಲೆ ಮಾತ್ರ ಕಳೆನಾಶಕ ಸಿಂಪಡಿಸುವ ಜಾನ್ ಡೀರ್ ಕಂಪನಿಯ ಯಂತ್ರಕ್ಕೆ, ಯಂತ್ರದ ಬೆಲೆಯಲ್ಲದೆ ಸಿಂಪಡಿಸಿದ ಎಕರೆಗೆ ಇಷ್ಟೆಂದು ಶುಲ್ಕ ಕಟ್ಟಬೇಕಾಗುತ್ತದೆ. ಒಟ್ಟು ವರಮಾನದಲ್ಲಿ ಶೇಕಡ 10ರಷ್ಟು 2030ರ ವೇಳೆಗೆ ಇಂತಹ ಮರುಕಳಿಸುವ ಶುಲ್ಕಗಳಿಂದಲೇ ಬರಬೇಕೆಂದು ಆ ಕಂಪನಿಯು 2022ರಲ್ಲಿ ಗುರಿ ಇಟ್ಟುಕೊಂಡಿತು. ಈ ಪದ್ಧತಿ ತಾತ್ಕಾಲಿಕವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ರಿಪೇರಿಗೂ ಅನುಮತಿ

ಚಂದಾ ಹಣವನ್ನಾದರೂ ಹೊಂದಿಸಬಹುದು. ಕಟಾವಿನ ಕಾಲದಲ್ಲಿ ಕಳೆದ ದಿನವನ್ನು ಹೊಂದಿಸಲಾಗದು. ರೈತರ ನಿಜವಾದ ಸಂಕಟ ಇರುವುದು ಇಲ್ಲಿ.

ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಯಂತ್ರದಲ್ಲಿ ಒಂದು ಸಂವೇದಕ ಕೆಟ್ಟರೆ ಫಲಕದ ಮೇಲೆ ಒಂದು ಸಂಖ್ಯೆ ಮೂಡುತ್ತದೆ. ಆ ಸಂಖ್ಯೆಯ ಅರ್ಥವನ್ನು ಪೂರ್ತಿ ತಿಳಿಯಲು ಕಂಪನಿಯ ಸಾಫ್ಟ್‌ವೇರ್ ಬೇಕು. ಹೊಗೆಯ ಶುದ್ಧೀಕರಣಕ್ಕೆ ಸಂಬಂಧಿಸಿದ ದೋಷವಾದರೆ ಎಂಜಿನ್ನು ತನ್ನಷ್ಟಕ್ಕೆ ಶಕ್ತಿ ತಗ್ಗಿಸಿಕೊಂಡು ಕುಂಟುತ್ತದೆ. ಊರಿನ ಮೆಕ್ಯಾನಿಕ್ಕನು ಹೊಸ ಭಾಗವನ್ನು ತಂದು ಜೋಡಿಸಿದರೂ, ನಿಯಂತ್ರಣ ಪೆಟ್ಟಿಗೆಯು ಅದನ್ನು ‘ಪರಿಚಯ’ ಮಾಡಿಕೊಳ್ಳುವವರೆಗೆ ಕೆಲವು ಭಾಗಗಳು ಕೆಲಸ ಮಾಡುವುದಿಲ್ಲ. ಆ ಪರಿಚಯ ಮಾಡಿಸಲು ಡೀಲರನ ಕಡೆಯವನು ಲ್ಯಾಪ್‌ಟಾಪ್ ಹಿಡಿದು ಬರಬೇಕು. ಹಂಗಾಮಿನಲ್ಲಿ ಅವನಿಗಾಗಿ ಕಾಯುವವರು ಹತ್ತಾರು ಮಂದಿ. ಒಣಗಿ ನಿಂತ ಬೆಳೆ ಮಳೆಗೆ ಸಿಕ್ಕಿದರೆ ಕಾಳು ಉದುರುತ್ತದೆ, ತೆನೆಯಲ್ಲೇ ಮೊಳೆಯುತ್ತದೆ. ನೂರು ರೂಪಾಯಿನ ಭಾಗಕ್ಕಾಗಿ ಎಕರೆಗಟ್ಟಲೆ ಬೆಳೆ ಹೋಗುವುದು ಹೀಗೆ.

ಅಮೆರಿಕದಲ್ಲಿ 1998ರ ಕಾಯಿದೆಯ ಪ್ರಕಾರ ಸಾಫ್ಟ್‌ವೇರಿನ ಬೀಗ ಒಡೆಯುವುದು ಅಪರಾಧ. ತಾನು ಕೊಂಡ ಟ್ರಾಕ್ಟರಿನ ಬೀಗವನ್ನು ರಿಪೇರಿಗಾಗಿ ರೈತನು ಒಡೆಯಬಹುದೇ ಎಂಬ ಪ್ರಶ್ನೆ 2015ರಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಚೇರಿಯ ಮುಂದೆ ಬಂತು. ಯಂತ್ರವನ್ನು ಕೊಂಡವನಿಗೆ ಅದರ ಸಾಫ್ಟ್‌ವೇರನ್ನು ಯಂತ್ರದ ಆಯುಷ್ಯದವರೆಗೆ ಬಳಸುವ ಪರವಾನಗಿ ಮಾತ್ರ ಇರುತ್ತದೆಂಬ ವಾದವನ್ನು ಜಾನ್ ಡೀರ್ ಕಂಪನಿ ಮಂಡಿಸಿತು. ಆದರೂ ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಾಲೀಕರಿಗೆ ವಿನಾಯಿತಿ ದೊರೆಯಿತು. 2018ರಲ್ಲಿ ಮಾಲೀಕನ ಪರವಾಗಿ ಬೇರೆಯವರು ರಿಪೇರಿ ಮಾಡುವುದಕ್ಕೂ ವಿಸ್ತರಿಸಿತು. ಬೀಗ ಒಡೆಯಲು ಅನುಮತಿ ಸಿಕ್ಕಿತೇ ಹೊರತು ಕೀಲಿಕೈಯನ್ನು ಯಾರೂ ಕೊಡಲಿಲ್ಲ. ನೆಬ್ರಾಸ್ಕದ ಕೆಲವು ರೈತರು ಉಕ್ರೇನಿನಿಂದ ಬಂದ ಕಳ್ಳ ಸಾಫ್ಟ್‌ವೇರನ್ನು ಟ್ರಾಕ್ಟರಿಗೆ ಹಾಕಿಕೊಳ್ಳುತ್ತಿರುವ ಸಂಗತಿ 2017ರಲ್ಲಿ ವರದಿಯಾಯಿತು. ಅದೇ ಉಕ್ರೇನಿನಲ್ಲಿ 2022ರಲ್ಲಿ ಇನ್ನೊಂದು ಬಗೆಯ ಘಟನೆ ನಡೆಯಿತು. ಮೆಲಿಟೊಪೊಲ್ ಪಟ್ಟಣದ ಡೀಲರನಿಂದ ರಷ್ಯದ ಸೈನಿಕರು ಒಯ್ದ ಜಾನ್ ಡೀರ್ ಯಂತ್ರಗಳನ್ನು ದೂರದಿಂದಲೇ ಸ್ತಬ್ಧಗೊಳಿಸಲಾಯಿತು. ಕಳ್ಳನ ಕೈಯಲ್ಲಿ ನಿಲ್ಲಿಸಬಲ್ಲ ಬೀಗ, ಕಂತು ತಪ್ಪಿದ ರೈತನ ಕೈಯಲ್ಲೂ ನಿಲ್ಲಿಸಬಲ್ಲದು.

2023ರ ಜನವರಿಯಲ್ಲಿ ಅಮೆರಿಕದ ರೈತ ಸಂಘಟನೆಯಾದ ಫಾರ್ಮ್ ಬ್ಯೂರೋ ಫೆಡರೇಷನ್ ಮತ್ತು ಜಾನ್ ಡೀರ್ ನಡುವೆ ಒಂದು ಒಡಂಬಡಿಕೆಯಾಯಿತು. ರಿಪೇರಿ ಸಲಕರಣೆ, ಕೈಪಿಡಿಗಳನ್ನು ರೈತರಿಗೂ ಖಾಸಗಿ ಮೆಕ್ಯಾನಿಕ್ಕರಿಗೂ ಒದಗಿಸಲು ಕಂಪನಿ ಒಪ್ಪಿತು. ರಿಪೇರಿ ಹಕ್ಕಿನ ಕಾನೂನುಗಳನ್ನು ಬೆಂಬಲಿಸದಿರಲು ಸಂಘಟನೆ ಒಪ್ಪಿತು. ಕೊಟ್ಟದ್ದು ಮಾತು, ಪಡೆದದ್ದು ಮೌನ ಎಂದು ಟೀಕಿಸಿದವರು ಬಹಳ. ಕೊಲರಾಡೊ ರಾಜ್ಯವು ಅಲ್ಲಿಗೇ ನಿಲ್ಲದೆ ಅದೇ ವರ್ಷದ ಏಪ್ರಿಲ್‌ನಲ್ಲಿ ಕೃಷಿ ಯಂತ್ರಗಳ ರಿಪೇರಿ ಹಕ್ಕಿನ ಶಾಸನ ಮಾಡಿತು. ಅದು 2024ರ ಜನವರಿ 1ರಿಂದ ಜಾರಿಗೆ ಬಂತು. 2025ರ ಜನವರಿ 15ರಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಇಲಿನಾಯ್ ಮತ್ತು ಮಿನ್ನೆಸೋಟ ರಾಜ್ಯಗಳೊಡನೆ ಸೇರಿ, ಪೂರ್ಣ ಪ್ರಮಾಣದ ರಿಪೇರಿ ಸಾಫ್ಟ್‌ವೇರನ್ನು ಡೀಲರುಗಳಿಗೆ ಮಾತ್ರ ಕೊಟ್ಟು ರೈತರ ಖರ್ಚು ಹೆಚ್ಚಿಸಿದ ಆರೋಪದ ಮೇಲೆ ಕಂಪನಿಯ ವಿರುದ್ಧ ದಾವೆ ಹೂಡಿತು. ಕಂಪನಿಯು ಆರೋಪವನ್ನು ಅಲ್ಲಗಳೆದಿದೆ. ಅದೇ ವರ್ಷದ ಜುಲೈನಲ್ಲಿ ರೈತರಿಗೆಂದು ಹೊಸ ರಿಪೇರಿ ಸಾಫ್ಟ್‌ವೇರನ್ನು ಅದು ಹೊರತಂದಿತು. ಅದರ ದರ ಪ್ರತಿ ಯಂತ್ರಕ್ಕೆ ವರ್ಷಕ್ಕೆ 195 ಡಾಲರಿನಿಂದ ಆರಂಭ. ಚಂದಾ ಯಂತ್ರದ ರಿಪೇರಿಗೂ ಚಂದಾ ಎಂದಾಯಿತು.

ನಮ್ಮಲ್ಲಿನ ಸ್ಥಿತಿ

ಕರ್ನಾಟಕದ ಬಹುತೇಕ ಟ್ರಾಕ್ಟರುಗಳನ್ನು ಇಂದಿಗೂ ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್ಕನೇ ಸರಿಮಾಡಬಲ್ಲ. ಇದು ನಮ್ಮ ರೈತರ ದೊಡ್ಡ ಆಸ್ತಿ. ಆದರೆ 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರಾಕ್ಟರುಗಳಿಗೆ 2023ರ ಜನವರಿ 1ರಿಂದ ಹೊಗೆಯ ಬಗ್ಗೆ ಬಿಗಿಯಾದ ನಿಯಮ ಬಂದ ಮೇಲೆ, ಅವುಗಳ ಎಂಜಿನ್ನುಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣ ಬಂದು ಸೇರಿದೆ. ಹೊಗೆ ಕಡಿಮೆಯಾಗುವುದು ಒಳ್ಳೆಯದೇ. ಅದರ ಜೊತೆಗೆ ನಿಯಂತ್ರಣ ಪೆಟ್ಟಿಗೆಯೂ ಬಂತು ಎಂಬುದನ್ನು ತಿಳಿದಿರಬೇಕು. ಬಾಡಿಗೆ ಯಂತ್ರದವರು, 2014ರಿಂದ ರಾಜ್ಯದಲ್ಲಿ ನಡೆಯುತ್ತಿರುವ ಕೃಷಿ ಯಂತ್ರಧಾರೆ ಕೇಂದ್ರಗಳು ಮತ್ತು ಭತ್ತ, ಮೆಕ್ಕೆಜೋಳ ಕೊಯ್ಯಲು ಕಂಬೈನ್ ಇಟ್ಟುಕೊಂಡವರು ಇದನ್ನು ಎಲ್ಲರಿಗಿಂತ ಮೊದಲು ಎದುರಿಸುವವರು.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಮೊದಲ ಹಂತದಲ್ಲಿ ಆಯ್ದುಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣಗಳನ್ನೂ ಸೇರಿಸಿತು. ಅದೇ ವರ್ಷದ ಡಿಸೆಂಬರ್ 24ರಂದು ಇದಕ್ಕಾಗಿ ಒಂದು ಜಾಲತಾಣ ಆರಂಭವಾಗಿ, ಕಂಪನಿಗಳು ತಮ್ಮ ಕೈಪಿಡಿ, ಬಿಡಿಭಾಗ, ಗ್ಯಾರಂಟಿಗಳ ವಿವರ ಪ್ರಕಟಿಸಲು ಅವಕಾಶವಾಯಿತು. ಬಿತ್ತನೆ ಬೀಜದ ವಿಷಯದಲ್ಲಿ ನಮ್ಮ ದೇಶ ಇದಕ್ಕಿಂತ ಬಹಳ ಮುಂದೆ ಹೋಗಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮಿನ ಪ್ರಕಾರ, ಸಂರಕ್ಷಿತ ತಳಿಯ ಬೀಜವನ್ನೂ ರೈತನು ತನ್ನ ಬೆಳೆಯಿಂದ ಉಳಿಸಿಕೊಂಡು ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಕಂಪನಿಯ ಹೆಸರಿನ ಚೀಲದಲ್ಲಿ ಮಾತ್ರ ಮಾರುವಂತಿಲ್ಲ. ತಳಿ ಸೃಷ್ಟಿಸಿದವನ ಹಕ್ಕು ಮತ್ತು ಕೊಂಡು ಬಿತ್ತಿದವನ ಹಕ್ಕು ಎರಡನ್ನೂ ಒಂದೇ ಕಾಯಿದೆಯಲ್ಲಿ ನಿಲ್ಲಿಸಲು ಬಂದಿತು ಎಂದ ಮೇಲೆ, ಯಂತ್ರದ ಸಾಫ್ಟ್‌ವೇರಿಗೆ ಅದು ಏಕೆ ಸಾಧ್ಯವಾಗಬಾರದು ಎಂಬ ಪ್ರಶ್ನೆ ಏಳುತ್ತದೆ.

ಕಳ್ಳ ಸಾಫ್ಟ್‌ವೇರಿನ ದಾರಿ ಹಿಡಿಯುವುದು ಸರ್ವಥಾ ಬೇಡ. ಎಂಜಿನ್ನಿನ ಶಕ್ತಿ ಹೆಚ್ಚಿಸುತ್ತೇವೆಂದು ಪೆಟ್ಟಿಗೆಯ ಲೆಕ್ಕಾಚಾರ ಬದಲಿಸುವವರು ಸಿಗುತ್ತಾರೆ. ಅದರಿಂದ ಗ್ಯಾರಂಟಿ ಹೋಗುತ್ತದೆ, ಎಂಜಿನ್ನು ಬೇಗ ಸವೆಯುತ್ತದೆ, ಬ್ರೇಕು ಮತ್ತು ಸ್ಟಿಯರಿಂಗಿಗೆ ಸಂಬಂಧಿಸಿದ್ದಾದರೆ ಪ್ರಾಣಾಪಾಯವೂ ಉಂಟು.

ಕೊಳ್ಳುವ ಮೊದಲು

ಯಂತ್ರದ ಬೆಲೆ ಕೇಳಿದೊಡನೆ ಮುಂಗಡ ಕೊಡದೆ, ಮೊದಲ ವರ್ಷ ಉಚಿತವಾಗಿರುವ ಸೌಲಭ್ಯಗಳು ಯಾವುವು, ಎರಡನೆಯ ವರ್ಷದಿಂದ ಅವಕ್ಕೆ ಎಷ್ಟು ಹಣ ಎಂದು ಬಿಡಿಬಿಡಿಯಾಗಿ ವಿಚಾರಿಸಬೇಕು. ‘ಉಚಿತ’ ಎಂಬ ಮಾತಿನ ಹಿಂದೆ ಎಂದಿನವರೆಗೆ ಎಂಬ ತಾರೀಖು ಇದ್ದೇ ಇರುತ್ತದೆ. ಚಂದಾ ನಿಂತರೆ ಯಾವ ಭಾಗ ನಿಲ್ಲುತ್ತದೆ, ಕೈಯಿಂದ ನಡೆಸಲು ಸಾಧ್ಯವೇ ಎಂಬುದನ್ನು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಉತ್ತಮ. ಸಾಲದ ಕಂತಿನ ಲೆಕ್ಕ ಹಾಕುವಾಗ ಯಂತ್ರದ ಆಯುಷ್ಯವನ್ನು 10 ವರ್ಷವೆಂದು ಹಿಡಿದರೆ, ಉಳಿದ 9 ವರ್ಷಗಳ ಚಂದಾವನ್ನೂ ಬೆಲೆಗೆ ಕೂಡಿಸಿ, ಆ ಸೌಲಭ್ಯವಿಲ್ಲದ ಸಾದಾ ಮಾದರಿಯೊಂದಿಗೆ ಹೋಲಿಸಿ ನೋಡಬೇಕು. ಅನೇಕ ಸಲ ಸಾದಾ ಮಾದರಿಯೇ ಮೇಲು.

ದೋಷ ಕಂಡುಹಿಡಿಯುವ ಸಾಫ್ಟ್‌ವೇರ್ ಇರುವ ಸರ್ವೀಸ್ ಕೇಂದ್ರ ಎಷ್ಟು ದೂರದಲ್ಲಿದೆ, ಸುಗ್ಗಿಯಲ್ಲಿ ಎಷ್ಟು ದಿನದೊಳಗೆ ಬರುತ್ತಾರೆ ಎಂಬುದನ್ನು ಡೀಲರನನ್ನಲ್ಲ, ಅದೇ ಯಂತ್ರವನ್ನು ಈಗಾಗಲೇ ಕೊಂಡ ರೈತನನ್ನು ಕೇಳಬೇಕು. ಯಂತ್ರದಲ್ಲಿ ಸಿಮ್ ಇದ್ದರೆ ಅದು ಯಾವ ಜಾಲದ್ದು ಎಂದೂ ತಿಳಿಯಬೇಕು. ಅಮೆರಿಕದಲ್ಲಿ 2022ರಲ್ಲಿ 3ಜಿ ಜಾಲಗಳನ್ನು ಮುಚ್ಚಿದಾಗ ಹಲವು ಕಂಪನಿಗಳ ಹಳೆಯ ಕಾರುಗಳಲ್ಲಿ ತುರ್ತು ಕರೆ ಮೊದಲಾದ ಸೇವೆಗಳು ಶಾಶ್ವತವಾಗಿ ನಿಂತುಹೋದವು. ಚಂದಾ ಕಟ್ಟುತ್ತೇನೆಂದರೂ ಪ್ರಯೋಜನವಾಗಲಿಲ್ಲ.

ಹಳೆಯ ಯಂತ್ರ ಕೊಳ್ಳುವವರು ಇನ್ನಷ್ಟು ಎಚ್ಚರವಾಗಿರಬೇಕು. ನೋಡುವಾಗ ಎಲ್ಲವೂ ನಡೆಯುತ್ತಿರುತ್ತದೆ. ಮಾರಿದವನ ಹೆಸರಿನ ಚಂದಾ ಮುಗಿದ ಮೇಲೆ ತೊಂದರೆ ಕಾಣಿಸಿಕೊಳ್ಳುತ್ತದೆ. ಪರವಾನಗಿ ಯಂತ್ರಕ್ಕೆ ಸೇರಿದ್ದೋ, ಮಾಲೀಕನಿಗೆ ಸೇರಿದ್ದೋ, ಹೊಸ ಮಾಲೀಕನ ಹೆಸರಿಗೆ ವರ್ಗವಾಗುತ್ತದೆಯೋ ಎಂಬುದನ್ನು ಹಣ ಕೊಡುವ ಮುನ್ನ ಕಂಪನಿಯ ಕಚೇರಿಯಿಂದಲೇ ತಿಳಿದುಕೊಳ್ಳಬೇಕು.

ಮಾರುವಾಗ ಹೇಳದೆ ಆಮೇಲೆ ಶುಲ್ಕ ಕೇಳಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಯಂತ್ರ ಕೊಂಡವನನ್ನು ಈ ಕಾಯಿದೆಯು ವ್ಯಾಪಾರಿಯೆಂದು ದೂರವಿಡುವುದಿಲ್ಲ. ಬಿಲ್ಲು, ಪ್ರಚಾರದ ಕರಪತ್ರ, ಡೀಲರನು ಕಳಿಸಿದ ಸಂದೇಶಗಳನ್ನು ಜೋಪಾನವಾಗಿಟ್ಟಿದ್ದರೆ ದೂರಿಗೆ ಬಲ ಬರುತ್ತದೆ.

ಈಗಾಗಲೇ ಚಂದಾ ಯಂತ್ರ ಇಟ್ಟುಕೊಂಡಿರುವವರು ಅದು ಮುಗಿಯುವ ತಾರೀಖನ್ನು ಸರ್ವೀಸ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟು, ಆ ತಾರೀಖು ಬಿತ್ತನೆ ಅಥವಾ ಕಟಾವಿನ ನಡುವೆ ಬೀಳದಂತೆ ನವೀಕರಿಸಿಕೊಳ್ಳಬೇಕು. ಮುಂಗಾರಿಗೆ ಹದಿನೈದು ದಿನ ಮೊದಲೇ ಯಂತ್ರವನ್ನು ಹೊಲಕ್ಕೆ ಇಳಿಸಿ ಒಂದು ಸಾಲು ಎಳೆದು ನೋಡಿದರೆ, ಸಂಕೇತ ಬರುತ್ತಿಲ್ಲವೆಂದು ಕಂಡರೂ ಸರಿಪಡಿಸಿಕೊಳ್ಳಲು ಕಾಲಾವಕಾಶ ಇರುತ್ತದೆ.